ಚಿತ್ರಪುಸ್ತಕದ ಅಪ್ಪ

ಶನಿವಾರದ ಕಥೆ ಪೀರಿಯಡ್ಡಿನಲ್ಲಿ ಹೆತ್ತ ಮಗಳೇ ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುತ್ತಾಳೆಂದು ಟೀಚರ್ ಕನಸಿನಲ್ಲೂ ಎಣಿಸಿರಲಿಲ್ಲ.

ಎರಡನೇ ತರಗತಿಯ ಮಕ್ಕಳು ಚಾಪೆಯ ಮೇಲೆ ಒತ್ತೊತ್ತಾಗಿ ಕೂತಿದ್ದರು. ಶಾಲೆಗೆ ಹೊಸದಾಗಿ ಬಂದ ಚಿತ್ರಪುಸ್ತಕಗಳ ಪೆಟ್ಟಿಗೆಯಿಂದ ಅವಳು ಒಂದನ್ನು ಆರಿಸಿ ತಂದಿದ್ದಳು. ಆ ಪುಸ್ತಕದಲ್ಲಿ ಅಮ್ಮ ಲಾರಿ ಓಡಿಸುತ್ತಾಳೆ. ಒಂದು ಭಾನುವಾರ ಅವಳು ದೂರದ ಊರಿಗೆ ಲೋಡು ತೆಗೆದುಕೊಂಡು ಹೋದಾಗ ಅಪ್ಪ ಅಡುಗೆ ಮಾಡುತ್ತಾನೆ, ಅಣ್ಣ ಕಸ ಗುಡಿಸುತ್ತಾನೆ, ತಂಗಿ ಸೋರುವ ನಲ್ಲಿಯನ್ನು ಸ್ಪ್ಯಾನರ್ ಹಿಡಿದು ಬಿಗಿ ಮಾಡುತ್ತಾಳೆ. ಕೊನೆಯ ಪುಟದಲ್ಲಿ ಎಲ್ಲರೂ ಅಪ್ಪನಿಗೆ ಚಪ್ಪಾಳೆ ತಟ್ಟುತ್ತಾರೆ.

"ಟೀಚರ್, ಅಪ್ಪಂಗೆ ಮೀಸೆ ಇದೆ!" ಎಂದು ಒಬ್ಬ ಎದ್ದು ನಿಂತ. "ಮೀಸೆ ಇರೋರು ಅಡುಗೆ ಮಾಡ್ತಾರಾ?"

ಕ್ಲಾಸೆಲ್ಲಾ ಗೊಳ್ಳೆಂದು ನಕ್ಕಿತು. ಟೀಚರೂ ನಕ್ಕಳು. ನಗು ಇಳಿದ ಮೇಲೆ ಕೇಳಿದಳು: "ಯಾರ ಮನೇಲಿ ಅಪ್ಪ ಅಡುಗೆ ಮಾಡ್ತಾರೆ? ಕೈ ಎತ್ತಿ ನೋಡೋಣ."

ಒಂದು ಕೈಯೂ ಏಳಲಿಲ್ಲ. ಜವಳಿ ಅಂಗಡಿ ಸಾಹುಕಾರರ ಮಗ "ಛೀ" ಎಂದ. ಟೀಚರಿನ ಕಣ್ಣು ತಾನಾಗಿಯೇ ಎರಡನೇ ಸಾಲಿಗೆ, ಮಗಳ ಕಡೆಗೆ ಹೋಯಿತು. ಬೇಕೆಂದು ನೋಡಿದ್ದಲ್ಲ, ನೋಡಿಬಿಟ್ಟಳು, ಅಷ್ಟೆ. ಮನೆಯವರೆಲ್ಲ ಬಟಾಣಿ ಎಂದು ಕರೆಯುವ ಆ ಹುಡುಗಿ ಅಮ್ಮ ತನ್ನನ್ನೇ ಕೇಳಿದಳೆಂದುಕೊಂಡು ಎದ್ದು ನಿಂತಳು. ಮಗ್ಗಿ ಒಪ್ಪಿಸುವ ಹಾಗೆ ಕೈಕಟ್ಟಿ ಹೇಳಿದಳು:

"ನಮ್ಮನೇಲಿ ಅಜ್ಜಿ ಅಡುಗೆ ಮಾಡ್ತಾರೆ, ಟೀಚರ್."

ಅವಳ ಚೀಲದಲ್ಲಿದ್ದ ಡಬ್ಬಿಯಲ್ಲಿ, ಆವತ್ತು ಬೆಳಿಗ್ಗೆ ಅವಳಪ್ಪ ಮಾಡಿದ ರೊಟ್ಟಿ ಇತ್ತು. ಅಂಚು ಗಟ್ಟಿಯಾದರೆ ಅವಳು ತಿನ್ನುವುದಿಲ್ಲವೆಂದು ಸುತ್ತಲೂ ಕತ್ತರಿಸಿ, ಒಳಗೆ ಮೊಟ್ಟೆ ಸುತ್ತಿ ಇಟ್ಟಿದ್ದ.

"ಸರಿ, ಕೂತ್ಕೋ," ಎಂದು ಟೀಚರ್ ಪುಟ ತಿರುಗಿಸಿದಳು.

ಟೀಚರಿನ ಮನೆಯಲ್ಲಿ ಅವಳ ಗಂಡ, ಅಜ್ಜಿಯ ಹಿರಿಯ ಮಗ, ಅಡುಗೆ ಮಾಡಲು ಶುರುಮಾಡಿ ಹಲವು ತಿಂಗಳಾಗಿತ್ತು. ತಾಯಿ ಅವನನ್ನು ದೊಡ್ಡವನೆಂದೂ ತಮ್ಮನನ್ನು ಚಿಕ್ಕವನೆಂದೂ ಕರೆಯುತ್ತಿದ್ದುದರಿಂದ ಬೀದಿಯವರಿಗೂ ಅವರು ದೊಡ್ಡವ, ಚಿಕ್ಕವನೇ ಆಗಿದ್ದರು. ದೊಡ್ಡವ ಗೋದಾಮಿನಲ್ಲಿ ಸರಕು ಜೋಡಿಸುವವರ ಮೇಲೆ ಮೇಸ್ತ್ರಿಯಾಗಿದ್ದ. ಒಂದು ದಿನ ಏಣಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಭಾರ ಎತ್ತಬಾರದು, ಹೆಚ್ಚು ಹೊತ್ತು ಬಗ್ಗಬಾರದು, ಹಗಲೆಲ್ಲ ಬೆಲ್ಟು ಕಟ್ಟಿಕೊಂಡಿರಬೇಕು ಎಂದರು ಡಾಕ್ಟರು. ಅಜ್ಜಿಗೆ ಎರಡು ಕಣ್ಣಿಗೂ ಪೊರೆ. ಉಪ್ಪೂ ಸಕ್ಕರೆಯೂ ಒಂದೇ ಥರ ಕಾಣುತ್ತಿತ್ತು. ಟೀಚರ್ ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದಳು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕಾಗಿದ್ದ ಚಿಕ್ಕವ ತಟ್ಟೆಯ ಮುಂದೆ ಕೂರುವುದಕ್ಕೆ ಮಾತ್ರ ಅಡುಗೆಮನೆ ಕಡೆ ಬರುತ್ತಿದ್ದ. ಹೀಗಾಗಿ ಒಂದು ದಿನ ದೊಡ್ಡವ ಸ್ಟವ್ ಹಚ್ಚಿದ. ಮೊದಲ ವಾರ ಎಲ್ಲವೂ ಸೀದುಹೋಯಿತು. ಬರಬರುತ್ತಾ ಕೈ ಕುದುರಿತು.

ಆದರೆ ಅದು ಹೊರಗೆ ಯಾರಿಗೂ ಗೊತ್ತಾಗಬಾರದಿತ್ತು. ಅಡುಗೆಮನೆಯ ಕಿಟಕಿಗೆ ಹಳೇ ಹೊದಿಕೆ ಇಳಿಬಿಟ್ಟಿದ್ದರು. ಅಜ್ಜಿ ಬಾಗಿಲ ಮೆಟ್ಟಿಲ ಮೇಲೆ ತರಕಾರಿ ಮೊರ ಇಟ್ಟುಕೊಂಡು ಕೂತು, ಹೋಗಿಬರುವವರ ಕಣ್ಣಿಗೆ ತಾನೇ ಅಡುಗೆಯ ಯಜಮಾನಿಯ ಹಾಗೆ ಕಾಣಿಸುತ್ತಿದ್ದಳು. ಬಟ್ಟೆ ಒಗೆಯುವುದು ದೊಡ್ಡವನೇ. ಹಗ್ಗದ ಮೇಲೆ ಹರವುವುದು ಟೀಚರ್, ಸ್ಕೂಲಿಂದ ಬಂದ ಮೇಲೆ.

ಅವತ್ತು ಸಂಜೆ ಊಟಕ್ಕೆ ಕೂತಾಗ ಟೀಚರ್ ಮಾತು ತೆಗೆದಳು.

"ಇವತ್ತು ಕ್ಲಾಸಲ್ಲಿ ಬಟಾಣಿ ಸುಳ್ಳು ಹೇಳಿದ್ಳು."

ಬಟಾಣಿ ತಟ್ಟೆಯೊಳಗೇ ಮುಖ ಹುದುಗಿಸಿದಳು.

"ಏನಂತ?" ದೊಡ್ಡವ ಕೇಳಿದ.

"ಮನೇಲಿ ಅಜ್ಜಿ ಅಡುಗೆ ಮಾಡ್ತಾರೆ ಅಂತ. ಅಷ್ಟು ಮಕ್ಕಳ ಎದುರಿಗೆ, ನನ್ನ ಮುಖ ನೋಡ್ಕೊಂಡು."

ಚಿಕ್ಕವ ತುತ್ತು ನುಂಗಿ ನಕ್ಕ. "ಸುಳ್ಳೇನು ಬಂತು ಅತ್ತಿಗೆ? ನಾವೆಲ್ಲ ಹೇಳೋದೂ ಅದೇ ತಾನೆ? ಇಲ್ಲಾಂದ್ರೆ ಬಾಗಿಲಿಗೆ ಬೋರ್ಡ್ ಬರೆಸೋಣ, ಇಲ್ಲಿ ಅಣ್ಣ ಅಡುಗೆ ಮಾಡ್ತಾನೆ ಅಂತ."

"ನಾನೇ ಹೇಳ್ಕೊಟ್ಟಿದ್ದು," ಎಂದಳು ಅಜ್ಜಿ. "ಮನೆ ಗುಟ್ಟು ಬೀದಿಗೆ ಬೀಳಬಾರದು. ನಾಳೆ ಇವನ ಸೊಂಟ ನೆಟ್ಟಗಾಗಿ ಕೆಲಸಕ್ಕೆ ಹೋಗ್ತಾನೆ. ಆಗಲೂ ಜನ ಅಡುಗೆಯವನು ಅಂತಲೇ ಕರೀತಾರೆ. ಜನರ ಬಾಯಿಗೆ ಬೀಗ ಹಾಕೋಕಾಗುತ್ತಾ?"

"ಅದಕ್ಕೆ ಮಗು ಬಾಯಿಗೆ ಹಾಕಿದ್ರಾ, ಅತ್ತೆ?"

"ನೀನು ಹಾಕಿಲ್ವಾ?" ದೊಡ್ಡವ ತಲೆ ಎತ್ತಿದ. "ನಿಮ್ಮ ಹೆಡ್‌ ಮೇಡಂ ಡಬ್ಬಿ ರುಚಿ ನೋಡಿ ಯಾರು ಮಾಡಿದ್ದು ಅಂತ ಕೇಳಿದಾಗ, ನಮ್ಮತ್ತೆ ಕೈರುಚಿ ಅಂದಿದ್ದು ಯಾರು? ನೀನೇ ಮನೆಗೆ ಬಂದು ನಗಾಡ್ಕೊಂಡು ಹೇಳಿದ್ದೆ. ಆವತ್ತು ಬಟಾಣಿ ಇಲ್ಲೇ ಕೂತಿದ್ಳು."

ಟೀಚರ್ ಸಾರಿನ ಪಾತ್ರೆ ತನ್ನ ಕಡೆ ಎಳೆದುಕೊಂಡಳು. ಬಟಾಣಿ ತಟ್ಟೆ ಪೂರ್ತಿ ಖಾಲಿ ಮಾಡಿ, ಕೈ ತೊಳೆದು ಬಂದು, "ನಂಗೆ ಬೈತೀರಾ?" ಎಂದು ಕೇಳಿದಳು. ಬೈಯುವ ಯೋಗ್ಯತೆ ಅಲ್ಲಿ ಯಾರಿಗೂ ಇರಲಿಲ್ಲ.

ಮುಂದಿನ ವಾರ ಬಟಾಣಿ ಆ ಪುಸ್ತಕವನ್ನೇ ಬೇಡಿ ಮನೆಗೆ ತಂದಳು. ಮಧ್ಯಾಹ್ನ ಸ್ಕೂಲು ಬೇಗ ಬಿಟ್ಟ ದಿನ, ಅಪ್ಪ ಎತ್ತರದ ಸ್ಟೂಲಿನ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದಾಗ, ಎದುರಿಗೆ ಪುಸ್ತಕ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ತೋರಿಸು," ಎಂದ ದೊಡ್ಡವ. ಚಿತ್ರ ನೋಡಿದ. "ಈ ಪುಣ್ಯಾತ್ಮ ಚಾಕು ಹಿಡಿದಿರೋದು ನೋಡು. ಹೀಗೆ ಹಿಡಿದ್ರೆ ಬೆರಳೂ ಪಲ್ಯಕ್ಕೇ ಬೀಳುತ್ತೆ. ಅದೂ ಅಲ್ದೆ ನಗ್ತಾ ಇದಾನೆ. ಈರುಳ್ಳಿ ಹೆಚ್ಚುವಾಗ ಯಾರು ನಗ್ತಾರೆ?"

"ಯಾಕೆ ಚಪ್ಪಾಳೆ ತಟ್ತಾರಪ್ಪಾ ಎಲ್ರೂ?"

"ಒಂದು ದಿನ ಮಾಡಿದ್ದಕ್ಕೆ." ದೊಡ್ಡವ ಮೂಗು ಒರೆಸಿಕೊಂಡ. "ನಿಮ್ಮಜ್ಜಿ ಜೀವಮಾನವೆಲ್ಲ ಮಾಡಿದ್ರು. ನಾವು ಯಾರೂ ತಟ್ಟಲಿಲ್ಲ. ಉಪ್ಪು ಕಡಿಮೆ ಅಂತ ತಟ್ಟೆ ತಳ್ಳಿದ್ದೇ ಹೆಚ್ಚು."

ಮೆಟ್ಟಿಲ ಮೇಲಿದ್ದ ಅಜ್ಜಿಗೆ ಅದು ಕೇಳಿಸಿತು. ಕಣ್ಣು ಮಂಜಾದರೂ ಕಿವಿ ಚುರುಕು. "ಈಗ ಹೇಳ್ತಾನೆ," ಎಂದು ತನ್ನಷ್ಟಕ್ಕೇ ಗೊಣಗಿ ಮೊರವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಅದಾದ ಎರಡು ಮೂರು ದಿನಕ್ಕೇ ಶಾಲೆಯ ಆಟದ ಬಯಲಿನಲ್ಲಿ ಜಗಳವಾಯಿತು.

ಸಾಹುಕಾರರ ಮಗ ಮನೆಗೆ ಹೋಗಿ, ಊಟವಾದ ಮೇಲೆ ಅಪ್ಪನಿಗೆ, "ನಿನ್ನ ತಟ್ಟೆ ನೀನೇ ತೊಳಿ, ಟೀಚರ್ ಹೇಳಿದಾರೆ" ಎಂದಿದ್ದನಂತೆ. ಕೆನ್ನೆಗೆ ಒಂದು ಬಿತ್ತು. ಆ ಸಿಟ್ಟನ್ನು ಅವನು ಮರುದಿನ ಬಯಲಿಗೆ ಹೊತ್ತು ತಂದ. ಅಡುಗೆ ಮಾಡುವ ಅಪ್ಪಂದಿರು ಅಪ್ಪಂದಿರೇ ಅಲ್ಲ, ಹೆಂಡತಿಗೆ ಹೆದರುವ ಇಲಿಗಳು ಎಂದು ಕುಣಿದು ಹಾಡಿದ. ಬಟಾಣಿ ಒಂದು ಸಲ ಕೇಳಿದಳು, ಎರಡು ಸಲ ಕೇಳಿದಳು. ಮೂರನೇ ಸಲ ನೀರಿನ ಬಾಟಲಿಯಿಂದ ಅವನ ಮುಖಕ್ಕೆ ಬೀಸಿದಳು.

"ನಮ್ಮಪ್ಪ ಮಾಡ್ತಾನೆ! ದಿನಾ ಮಾಡ್ತಾನೆ! ಇಲಿ ಅಲ್ಲ!"

ಹುಡುಗನ ತುಟಿ ಒಡೆಯಿತು. ಬಯಲಿನಲ್ಲಿದ್ದ ಮಕ್ಕಳೆಲ್ಲ ಕೇಳಿಸಿಕೊಂಡರು. ಸಂಜೆಯೊಳಗೆ ಬೀದಿ ಪೂರ್ತಿ ಸುದ್ದಿ.

ಸಾಹುಕಾರರು ಆಡಳಿತ ಸಮಿತಿಯಲ್ಲಿದ್ದರು. ಹೆಡ್‌ ಮೇಡಮ್ಮಿನ ಕೋಣೆಯಲ್ಲಿ ಕೂತು, ದನಿ ಏರಿಸದೆಯೇ ಮಾತಾಡಿದರು. "ಓದು ಬರಹ ಕಲಿಸಿ ಅಂತ ಮಕ್ಕಳನ್ನ ಕಳಿಸ್ತೀವಿ. ಮನೇಲಿ ಯಾರು ಏನು ಮಾಡಬೇಕು ಅಂತ ನೀವು ಹೇಳಬೇಕಾಗಿಲ್ಲ. ನಿಮ್ಮ ಟೀಚರ್ ತಮ್ಮ ಮನೆ ಹುಳುಕು ಮುಚ್ಕೊಳ್ಳೋಕೆ ನಮ್ಮ ಮಕ್ಕಳಿಗೆ ಪಾಠ ಮಾಡ್ತಿದಾರೆ."

ಅವರು ಹೋದ ಮೇಲೆ ಹೆಡ್‌ ಮೇಡಂ ಟೀಚರನ್ನು ಕರೆಸಿದರು. ಕೆಟ್ಟವರಲ್ಲ, ಸುಸ್ತಾದವರು. "ಪುಸ್ತಕದ ಪೆಟ್ಟಿಗೆ ಬೀರುವಿನಲ್ಲಿಟ್ಟು ಬೀಗ ಹಾಕು. ಪೋಷಕರ ಸಭೆ ಕರೆದಿದೀನಿ. ಅಲ್ಲಿ ತಪ್ಪಾಯ್ತು ಅಂದ್ಬಿಡು, ಮುಗಿದುಹೋಗುತ್ತೆ. ನಿಂದು ಇನ್ನೂ ಖಾಯಂ ಆಗಿಲ್ಲ. ಮುಂದಿನ ವರ್ಷಕ್ಕೆ ಸಹಿ ಹಾಕೋರು ಅವರೇ. ನಾನು ಹೇಳೋದು ಅರ್ಥ ಆಯ್ತಲ್ಲ?"

ಅರ್ಥವಾಗದೆ ಏನು. ಮನೆಗೆ ಬರುತ್ತಿದ್ದುದು ಅವಳ ಸಂಬಳ ಮತ್ತು ಚಿಕ್ಕವ ಮನಸ್ಸು ಬಂದಾಗ ಕೊಡುತ್ತಿದ್ದ ಪುಡಿಗಾಸು.

ಮರುದಿನ ಗ್ಯಾರೇಜಿನಲ್ಲಿ ಚಿಕ್ಕವ ಟೂಲ್‌ಬಾಕ್ಸ್ ತೆರೆದಾಗ ಸ್ಪ್ಯಾನರುಗಳ ಮೇಲೆ ಒಂದು ಸೌಟು ಇತ್ತು. ಸುತ್ತ ನಿಂತವರು ಏನೂ ಗೊತ್ತಿಲ್ಲದವರ ಹಾಗೆ ಟಯರ್ ನೋಡುತ್ತಿದ್ದರು. ಯಾರೋ ಒಬ್ಬ, "ನಿಮ್ಮಣ್ಣಂಗೆ ಹೇಳು, ನಮ್ಮ ಕ್ಯಾಂಟೀನಿಗೂ ಒಬ್ಬರು ಬೇಕಂತೆ" ಎಂದ. ಚಿಕ್ಕವ ಸಂಜೆ ಮನೆಗೆ ಬಂದವನೇ ಸೌಟನ್ನು ಅಡುಗೆಮನೆಯ ನೆಲಕ್ಕೆ ಎಸೆದ. ಅದು ಕುಣಿದು ಕುಣಿದು ಸ್ಟವ್ ಕೆಳಗೆ ಹೋಗಿ ಬಿತ್ತು.

"ನಾನು ಇನ್ನು ಅಲ್ಲಿ ತಲೆ ಎತ್ಕೊಂಡು ಹೋಗೋದು ಹೇಗೆ ಹೇಳು!"

"ತಲೆ ಎತ್ಕೊಂಡೇ ಹೋಗು," ಎಂದ ದೊಡ್ಡವ. "ಸೌಟು ಹಿಡಿದಿದ್ದು ನಾನು, ನೀನಲ್ಲವಲ್ಲ."

"ನಿಂಗೆ ನಾಚಿಕೆ ಇಲ್ಲ, ಅಣ್ಣ. ನಿನ್ನ ಹೆಂಡ್ತಿ ಪುಸ್ತಕದಲ್ಲಿ ನೀನೊಂದು ಗೊಂಬೆ. ಗೊಂಬೆ ಕುಣಿಸೋರು ಕುಣಿಸ್ತಾರೆ, ನೀನು ಕುಣೀತೀಯ."

"ಏ, ಮಾತು ಅಳೆದು ಆಡು," ಎಂದಳು ಅಜ್ಜಿ.

"ಏನು ಅಳೆಯೋದು? ನಾಳೆಯಿಂದ ಇವನ ಕೈಯಡುಗೆ ನಂಗೆ ಬೇಡ. ಹೊರಗೇ ತಿಂತೀನಿ."

"ಇಷ್ಟು ದಿನ ತಿಂದಿದ್ದು ಯಾರ ಕೈಯಡುಗೆ, ಮೈದುನ್ರೇ?" ಟೀಚರ್ ತಣ್ಣಗೆ ಕೇಳಿದಳು. "ಎರಡೆರಡು ಸಲ ಬಡಿಸ್ಕೊಂಡು ತಿಂದ್ರಲ್ಲ, ಆಗ ನಾಚಿಕೆ ಎಲ್ಲಿತ್ತು?"

ಚಿಕ್ಕವ ಬಾಗಿಲು ದೂಡಿಕೊಂಡು ಹೊರಟುಹೋದ. ದೊಡ್ಡವ ಸ್ಟವ್ ಆರಿಸಿದ. ಬೇಳೆ ಅರ್ಧ ಬೆಂದಿತ್ತು.

"ಸಾಕು," ಎಂದ. ಹೆಂಡತಿಯ ಕಡೆ ತಿರುಗಿದ. "ನೀನು ಹೇಳಿದ್ದು ಸರಿ ಇರಬಹುದು, ಪುಸ್ತಕವೂ ಸರಿ ಇರಬಹುದು. ಆದ್ರೆ ನಾನು ಇದನ್ನ ಮಾಡ್ತಿದ್ದಿದ್ದು ಮನೆ ನಡೀಲಿ ಅಂತ. ಮೆರವಣಿಗೆ ಹೋಗೋಕಲ್ಲ. ನಾಳೆಯಿಂದ ನಾನು ಮಾಡಲ್ಲ."

"ಮತ್ತೆ ಯಾರು ಮಾಡ್ತಾರೆ ರೀ?"

"ಯಾರಾದ್ರೂ ಮಾಡಲಿ."

ಮುಂದಿನ ದಿನಗಳಲ್ಲಿ ಅವನು ಬೆಳಿಗ್ಗೆಯೇ ಬೆಲ್ಟು ಬಿಗಿದುಕೊಂಡು ಬಸ್ ನಿಲ್ದಾಣದ ಬೆಂಚಿಗೆ ಹೋಗಿ ಕೂರತೊಡಗಿದ. ಟೀಚರ್ ಬೇಗ ಎದ್ದು ಏನೋ ಒಂದು ಬೇಯಿಸಿಟ್ಟು, ಒದ್ದೆ ಕೈಯಲ್ಲೇ ಬಸ್ಸಿಗೆ ಓಡುತ್ತಿದ್ದಳು. ಮಧ್ಯಾಹ್ನಕ್ಕೆ ಅದು ತಣ್ಣಗೆ ಕೊರೆಯುತ್ತಿತ್ತು. ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಬೇಕಾದ್ದನ್ನೆಲ್ಲ ಬಟಾಣಿಯ ಮೂಲಕ ಹೇಳಿ ಕಳಿಸುತ್ತಿದ್ದರು: "ನಿಮ್ಮಪ್ಪನ್ನ ಕೇಳು, ಹಾಲು ತಂದ್ರಾ ಅಂತ." "ನಿಮ್ಮಮ್ಮಂಗೆ ಹೇಳು, ತಂದಿದೀನಿ ಅಂತ." ಇಬ್ಬರೂ ಒಂದೇ ಕೋಣೆಯಲ್ಲಿರುತ್ತಿದ್ದರು. ಬಟಾಣಿ ಅತ್ತಿಂದಿತ್ತ ತಲೆ ತಿರುಗಿಸಿ ತಿರುಗಿಸಿ ಕೊನೆಗೆ, "ನನ್ನ ಕುತ್ತಿಗೆ ನೋಯುತ್ತೆ" ಎಂದಳು. ಆದರೂ ಯಾರೂ ನಗಲಿಲ್ಲ.

ಒಂದು ದಿನ ಚಿಕ್ಕವ ಹೊರಗಿನ ಊಟ ಹಿಡಿಸದೆ, ಹೊಟ್ಟೆ ಹಿಡಿದುಕೊಂಡು ಮಧ್ಯಾಹ್ನವೇ ಮನೆಗೆ ಬಂದು ಮಲಗಿದ. ಮಗ ಹಸಿದಿದ್ದಾನೆಂದು ಅಜ್ಜಿ ಎದ್ದಳು. ಯಾರನ್ನೂ ಕೂಗಲಿಲ್ಲ. ಒಂದು ಹಿಡಿ ಅಕ್ಕಿ ತೊಳೆದು ಗಂಜಿಗಿಟ್ಟಳು. ಉಕ್ಕಿ ಬಂದದ್ದು ಕೇಳಿಸಿತು. ಪಾತ್ರೆಯ ಅಂಚು ಎಲ್ಲಿದೆಯೆಂದು ಕಾಣಿಸಲಿಲ್ಲ. ಬಟ್ಟೆ ಹಿಡಿದು ಇಳಿಸಲು ಹೋದಳು. ಪಾತ್ರೆ ಓರೆಯಾಗಿ ಕುದಿಯುವ ಗಂಜಿಯೆಲ್ಲ ಪಾದದ ಮೇಲೆ ಸುರಿಯಿತು.

ಚಿಕ್ಕವ ಕೂಗು ಕೇಳಿ ಓಡಿಬಂದ. ತಣ್ಣೀರು ಸುರಿದು, ಅವಳನ್ನು ಎತ್ತಿಕೊಂಡು, ಬೈಕಿನ ಮೇಲೆ ಮುಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ನರ್ಸ್ ಬೊಬ್ಬೆಗಳನ್ನು ನೋಡಿದಳು. ಆಮೇಲೆ ಅಜ್ಜಿಯ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದಳು.

"ಈ ಕಣ್ಣಿಟ್ಕೊಂಡು ಸ್ಟವ್ ಹತ್ರ ಹೋಗಿದ್ರಾ? ಮನೇಲಿ ಬೇರೆ ಯಾರೂ ಇಲ್ವಾ?"

"ಇದೀವಿ," ಎಂದ ಚಿಕ್ಕವ.

"ಕೈಕಾಲು ಗಟ್ಟಿ ಇರೋರು ಯಾರೂ ಇಲ್ವಾ ಅಂತ ಕೇಳ್ದೆ."

ಚಿಕ್ಕವ ತನ್ನ ಕೈ ನೋಡಿಕೊಂಡ. ಮೊಣಕೈತನಕ ಗ್ರೀಸು ಮೆತ್ತಿದ, ಲಾರಿಯ ಚಕ್ರ ಒಬ್ಬನೇ ಕಳಚುವ ಕೈ. ನರ್ಸ್ ಮುಲಾಮು ತರಲು ಹೋದಳು.

ಸಂಜೆ ಮನೆಯಲ್ಲಿ ಎಲ್ಲರೂ ಅಜ್ಜಿಯ ಮಂಚದ ಸುತ್ತ ಸೇರಿದರು. ಪಾದಕ್ಕೆ ದಪ್ಪಗೆ ಬ್ಯಾಂಡೇಜು ಸುತ್ತಿತ್ತು. ದೊಡ್ಡವ, "ಕೂಗಬಾರದಿತ್ತೇನಮ್ಮ?" ಎಂದ.

"ಯಾರನ್ನ ಕೂಗಲಿ? ನೀನು ಬೆಂಚಲ್ಲಿ, ಇವನು ಹಾಸಿಗೇಲಿ." ಅಜ್ಜಿ ಗೋಡೆಗೆ ಒರಗಿದಳು. "ನಿಮ್ಮಿಬ್ಬರ ಮಾನ ಉಳಿಯೋಕೆ ನನ್ನ ಕಾಲು ಬೇಕಾಯ್ತು. ಇನ್ನೊಂದು ಕಾಲಿದೆ, ಅದೂ ಬೇಕಿದ್ರೆ ಹೇಳಿ."

ಚಿಕ್ಕವ ಎದ್ದು ಹೊರಗೆ ಹೋದ. ದೊಡ್ಡವ ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಗ್ಗರಣೆಯ ಸದ್ದು ಬಂತು. ಟೀಚರ್ ಹೋಗಿ ಬಾಗಿಲಲ್ಲಿ ನಿಂತಳು.

"ಉಪ್ಪು ಹಾಕಿದ್ರಾ?" ಎಂದು ನೇರವಾಗಿ ಅವನನ್ನೇ ಕೇಳಿದಳು.

"ಇನ್ನೂ ಇಲ್ಲ," ಎಂದ ಅವನು.

ಪೋಷಕರ ಸಭೆ ಶಾಲೆಯ ಹಾಲಿನಲ್ಲಿ ನಡೆಯಿತು. ದೊಡ್ಡವರೆಲ್ಲ ಮಕ್ಕಳ ಗಿಡ್ಡ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಸಾಹುಕಾರರಿಗೆ ಮಾತ್ರ ಕುರ್ಚಿ. ಹೆಡ್‌ ಮೇಡಂ ಪೀಠಿಕೆ ಹಾಕಿ, "ಈಗ ನಮ್ಮ ಟೀಚರ್ ಎರಡು ಮಾತಾಡ್ತಾರೆ" ಎಂದರು. ಆ ಎರಡು ಮಾತು ಯಾವುದೆಂದು ಇಬ್ಬರಿಗೂ ಗೊತ್ತಿತ್ತು.

ಟೀಚರ್ ಎದ್ದಳು. ಮೇಜಿನ ಅಂಚು ಹಿಡಿದುಕೊಂಡಳು.

"ನನ್ನ ಮಗಳು ಇನ್ನೊಬ್ಬರ ಮಗುವಿಗೆ ಹೊಡೆದಿದ್ದು ತಪ್ಪು. ಅದಕ್ಕೆ ಕ್ಷಮೆ ಕೇಳ್ತೀನಿ. ಪುಸ್ತಕ ಓದಿದ್ದಕ್ಕೆ ಕೇಳಲ್ಲ." ಸಾಹುಕಾರರ ಕುರ್ಚಿಯ ಕಡೆ ನೋಡಿದಳು. "ಇನ್ನೊಂದು ಮಾತು. ನಮ್ಮನೇಲಿ ಅಡುಗೆ ಮಾಡೋರು ನನ್ನ ಗಂಡ. ಅದನ್ನ ಮುಚ್ಚಿಡು ಅಂತ ನಾನೇ ಮಗೂಗೆ ಕಲಿಸಿದ್ದೆ. ಬಾಯಲ್ಲಿ ಪಾಠ ಒಂದು, ಮನೇಲಿ ಇನ್ನೊಂದು. ಹೊಡೆದಾಟಕ್ಕೆ ಕಾರಣ ಪುಸ್ತಕ ಅಲ್ಲ, ಅದು."

ಹಾಲಿನಲ್ಲಿ ಗುಜುಗುಜು ಎದ್ದಿತು. ಸಾಹುಕಾರರು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದ ದೊಡ್ಡವ ಅವರ ಕಣ್ಣಿಗೆ ಬಿದ್ದ. ಗಿಡ್ಡ ಬೆಂಚಿನಲ್ಲಿ ಕೂರಲು ಅವನ ಸೊಂಟ ಒಪ್ಪುತ್ತಿರಲಿಲ್ಲ. ಅವನು ಬರುತ್ತಾನೆಂದು ಟೀಚರಿಗೂ ಗೊತ್ತಿರಲಿಲ್ಲ.

"ಯಜಮಾನ್ರೇ ಇಲ್ಲೇ ಇದಾರಲ್ಲ," ಎಂದರು ಸಾಹುಕಾರರು. "ನೀವು ಪಾಪ, ಬಿದ್ದು ಏಟು ಮಾಡ್ಕೊಂಡೋರು. ಬೇರೆ ದಾರಿ ಇಲ್ಲ, ಮಾಡ್ತೀರಿ. ಅದನ್ನ ಯಾರೂ ತಪ್ಪು ಅನ್ನಲ್ಲ. ನಾನು ಕೇಳೋದು ಒಂದೇ. ನಾಳೆ ಸೊಂಟ ನೆಟ್ಟಗಾಯ್ತು, ಕೆಲಸಕ್ಕೆ ಹೋದ್ರಿ. ಆಗಲೂ ಮಾಡ್ತೀರಾ? ಎದೆ ಮುಟ್ಕೊಂಡು ಹೇಳಿ."

ಎಲ್ಲರೂ ಹಿಂದಕ್ಕೆ ತಿರುಗಿದರು. ದೊಡ್ಡವ ಬೆಲ್ಟು ಸರಿಮಾಡಿಕೊಂಡ. ಮಾಡುತ್ತೇನೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಟೀಚರ್ ಮನಸ್ಸಿನಲ್ಲೇ, ಹೇಳಿ, ಹೇಳಿಬಿಡಿ ಎಂದುಕೊಂಡಳು.

"ಗೊತ್ತಿಲ್ಲ," ಎಂದ ದೊಡ್ಡವ.

ಯಾರೋ ನಕ್ಕರು. ಸಾಹುಕಾರರು ಗೆದ್ದವರ ಹಾಗೆ ಎರಡೂ ಕೈ ಅಗಲಿಸಿದರು.

"ಗೊತ್ತಿಲ್ಲ," ಎಂದು ಅವನು ಮತ್ತೆ ಹೇಳಿದ. "ನೆಟ್ಟಗಿದ್ದಾಗ ಮಾಡ್ಲಿಲ್ಲ. ಇವಳು ಸ್ಕೂಲಿಂದ ಬಂದು ಮಾಡ್ತಿದ್ಳು. ನಾನು ಕಾಲು ಚಾಚ್ಕೊಂಡು ಕೂತು, ಇನ್ನೂ ಆಗಿಲ್ವಾ ಅಂತ ಕೂಗ್ತಿದ್ದೆ. ಅವಳಿಗೂ ಸುಸ್ತಾಗುತ್ತೆ ಅಂತ ನಂಗೆ ತಿಳಿದಿದ್ದು ಏಣಿ ಮೇಲಿಂದ ಬಿದ್ದ ಮೇಲೆ. ಚಿಕ್ಕವನಾಗಿದ್ದಾಗ ನಂಗೂ ಯಾರಾದ್ರೂ ಇಂಥ ಪುಸ್ತಕ ತೋರಿಸಿದ್ರೆ, ಬೀಳೋತನಕ ಕಾಯಬೇಕಾಗಿರ್ಲಿಲ್ಲ. ನಿಮ್ಮ ಹುಡುಗ ಬೀಳೋದು ಬೇಡ, ಸಾಹುಕಾರ್ರೇ. ಅಷ್ಟೇ ನಾನು ಹೇಳೋದು."

ಯಾರೂ ಎದ್ದು ಅವನ ಪರ ಮಾತಾಡಲಿಲ್ಲ. ಸಾಹುಕಾರರ ಪಕ್ಕದಲ್ಲಿದ್ದ ಅವರ ಹೆಂಡತಿ ಮಡಿಲಿನಲ್ಲಿದ್ದ ತನ್ನ ಕೈಗಳನ್ನೇ ನೋಡುತ್ತಾ ಕೂತಿದ್ದಳು. ಹೆಡ್‌ ಮೇಡಂ ಲೋಟದಲ್ಲಿದ್ದ ನೀರನ್ನೆಲ್ಲ ಕುಡಿದು, ವಿಷಯವನ್ನು ಸಮಿತಿ ಮುಂದೆ ನೋಡುತ್ತದೆ ಎಂದು ಸಭೆ ಮುಗಿಸಿದರು.

ಸಮಿತಿ ನೋಡಿದ್ದು ಹೀಗೆ: ಪೆಟ್ಟಿಗೆ ಬೀರುವಿನಿಂದ ಹೊರಗೆ ಬಂತು, ಆದರೆ ಮನೆಯವರು ಒಪ್ಪಿದ ಮಕ್ಕಳಿಗೆ ಮಾತ್ರ ಓದಿ ಹೇಳಬೇಕು. ಸಾಹುಕಾರರು ಒಪ್ಪಲಿಲ್ಲ, ಇನ್ನು ಕೆಲವರೂ ಒಪ್ಪಲಿಲ್ಲ. ಟೀಚರಿನ ಮುಂದಿನ ವರ್ಷದ ಮಾತು ಕೇಳಿದರೆ ಹೆಡ್‌ ಮೇಡಂ, "ನೋಡೋಣ ಕಣಮ್ಮ" ಎನ್ನುತ್ತಿದ್ದರು. ಆ "ನೋಡೋಣ" ದಿನವೂ ಅವಳ ಜೊತೆ ಬಸ್ಸಿನಲ್ಲಿ ಮನೆಗೆ ಬರುತ್ತಿತ್ತು.

ಅಷ್ಟರಲ್ಲಿ ಗೋದಾಮಿನಿಂದ ದೊಡ್ಡವನಿಗೆ ಕರೆ ಬಂತು. ಭಾರ ಎತ್ತುವ ಕೆಲಸವಲ್ಲ. ಗೇಟಿನಲ್ಲಿ ಕೂತು, ಒಳಗೆ ಹೊರಗೆ ಹೋಗುವ ಲಾರಿಗಳನ್ನು ತಪಾಸಣೆ ಮಾಡಿ ಬಿಡುವುದು. ಸೋಮವಾರದಿಂದ ಬರಲು ಹೇಳಿದರು. ಮನೆಯಲ್ಲಿ ಎಲ್ಲರಿಗೂ ಖುಷಿಯಾಯಿತು. ಚಿಕ್ಕವ ಮತ್ತೆ ಮನೆಯಲ್ಲೇ ಉಣ್ಣತೊಡಗಿದ್ದ. ಯಾರೂ ಕರೆಯಲಿಲ್ಲ, ತಾನೇ ಬಂದು ಕೂತಿದ್ದ. ಅವನು ಅಣ್ಣನ ಶೂಗೆ ಪಾಲಿಶ್ ಹಾಕಿಕೊಟ್ಟ. ಅಜ್ಜಿ, "ದೇವರು ಕಣ್ಣು ಬಿಟ್ಟ" ಎಂದಳು. ಅಡುಗೆಯ ಮಾತನ್ನು ಯಾರೂ ಎತ್ತಲಿಲ್ಲ. ಭಾನುವಾರ ಪೂರ್ತಿ ಟೀಚರ್ ಯಾರಾದರೂ ಎತ್ತಲಿ ಎಂದು ಕಾದಳು. ದೊಡ್ಡವ ಅಂಗಿಗೆ ಇಸ್ತ್ರಿ ಹಾಕಿಕೊಂಡು, ಬೇಗ ಮಲಗಿಬಿಟ್ಟ.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಟೀಚರಿಗೆ ಎಚ್ಚರವಾಯಿತು. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ಅವಳ ಕಾಲು ಹಳೇ ಅಭ್ಯಾಸದಲ್ಲಿ ತಾನಾಗಿಯೇ ನೆಲಕ್ಕಿಳಿದು, ಅಡುಗೆಮನೆಗೆ ನಡೆಯಿತು. ಹಿಟ್ಟಿನ ಡಬ್ಬಿ ತೆಗೆದಳು. ಮುಚ್ಚಳಕ್ಕೆ ಕೈ ಹಾಕಿದವಳು ಹಾಗೇ ನಿಂತಳು. ಮೊದಲ ದಿನ, ಪಾಪ, ಮಾಡಿಕೊಟ್ಟುಬಿಡೋಣ ಎನಿಸಿತು. ಇವತ್ತು ಮಾಡಿದರೆ ನಾಳೆಯೂ ಮಾಡಬೇಕಾಗುತ್ತದೆ ಎಂದೂ ಅನಿಸಿತು. ಹಿಟ್ಟಿನ ಡಬ್ಬಿಯನ್ನು ಇದ್ದಲ್ಲೇ ಇಟ್ಟು, ಕೋಣೆಗೆ ವಾಪಸ್ ಬಂದು, ಅವನ ಭುಜ ಹಿಡಿದು ಅಲ್ಲಾಡಿಸಿದಳು.

"ರೀ, ಏಳಿ. ಊಟದ ಡಬ್ಬಿ ಕಟ್ಟೋಕೆ ಹೊತ್ತಾಯ್ತು."

ಅವನು ಒಂದು ಕಣ್ಣು ಬಿಟ್ಟ. "ಇವತ್ತು ನಂದು ಮೊದಲನೇ ದಿನ ಕಣೇ."

"ನಂಗೂ ಇವತ್ತು ಸ್ಕೂಲಿದೆ."

ಅವನು ಮತ್ತೆ ಕಣ್ಣು ಮುಚ್ಚಿದ. ಅವಳು ಹಾಸಿಗೆಯ ಅಂಚಿನಲ್ಲಿ ಕೂತಳು. ಅವನು ಮಗ್ಗುಲು ಬದಲಿಸಿದರೆ ಮುಂದೇನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಹೊರಗೆ ಹಾಲಿನವನ ಸೈಕಲ್ ಹೋಯಿತು. ಕೊನೆಗೆ ದೊಡ್ಡವ ಸೊಂಟ ಹಿಡಿದುಕೊಂಡು, ಸಣ್ಣಗೆ ನರಳಿ, ಎದ್ದು ಕೂತ. ಅವಳನ್ನು ಒಂದು ಸಲ ದುರುಗುಟ್ಟಿ ನೋಡಿದ. ಹೊರಗಿನ ಕೋಣೆಗೆ ಹೋಗಿ, ಚಾಪೆಯ ಮೇಲೆ ಮಲಗಿದ್ದ ತಮ್ಮನನ್ನು ಕಾಲಿನಿಂದ ತಿವಿದ.

"ಏಳೋ."

"ನಾನ್ಯಾಕೆ?" ಚಿಕ್ಕವ ನಿದ್ದೆಗಣ್ಣಲ್ಲಿ ಕೂಗಿದ.

"ಉಣ್ಣೋನು ನೀನೂ ತಾನೆ? ಹಿಟ್ಟು ಕಲಸು. ನಂಗೆ ಬಗ್ಗೋಕಾಗಲ್ಲ."

"ನಂಗೆ ಬರಲ್ಲ."

"ನಂಗೆ ಬರ್ತಿತ್ತಾ?"

ಆಮೇಲೆ ಚಾಪೆ ಸುತ್ತುವ ಸದ್ದು, ಬೈಗುಳ, ನಲ್ಲಿಯ ನೀರು. ಅಡುಗೆಮನೆಯಲ್ಲಿ ದೀಪ ಹತ್ತಿತು. "ನೀರು ಅಷ್ಟೊಂದು ಹಾಕಬೇಡ್ವೋ, ಕತ್ತೆ!" ಎಂದ ದೊಡ್ಡವ. ಏನೋ ದೊಡ್ಡದು ನೆಲಕ್ಕೆ ಬಿದ್ದು ಉರುಳಿತು. ಅಜ್ಜಿ ಮಂಚದ ಮೇಲಿಂದಲೇ, "ಏನಾಯ್ತ್ರೋ?" ಎಂದು ಕೂಗಿದಳು.

ಟೀಚರ್ ಹಾಸಿಗೆಯ ಅಂಚಿನಿಂದ ಅರ್ಧ ಎದ್ದವಳು ಮತ್ತೆ ತಲೆದಿಂಬಿಗೆ ತಲೆಯಿಟ್ಟಳು. ನಿದ್ದೆ ಬರಲಿಲ್ಲ. ಅಡುಗೆಮನೆಯಲ್ಲಿ ಇನ್ನೊಂದು ಪಾತ್ರೆ ಬಿತ್ತು. ಆದರೂ ಅವಳು ಏಳಲಿಲ್ಲ.